ಗೇರುಸೊಪ್ಪೆಯಿಂದ ಗೋವರ್ಧನಗಿರಿಗೆ: ಶರಾವತಿ ಕೊಳ್ಳದಲ್ಲಿ ಒಂದು ಹಗಲಿನ ದಾರಿ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನದಿಯ ಮೇಲಿನ ಪಾತ್ರ ಮಲೆನಾಡಿನ ಗದ್ದೆ, ತೋಟ, ಕಾನುಗಳ ನಡುವೆ ನಿಧಾನವಾಗಿ ಸಾಗುತ್ತದೆ. ಕೆಳಗಿನ ಪಾತ್ರ ಉಬ್ಬರವಿಳಿತಕ್ಕೆ ಒಳಪಟ್ಟ ಅಗಲವಾದ ಹೊಳೆ. ಇವೆರಡರ ನಡುವೆ ಜೋಗದಿಂದ ಗೇರುಸೊಪ್ಪೆಯವರೆಗಿನ ಕೊಳ್ಳವಿದೆ. ಜೋಗದಲ್ಲಿ 253 ಮೀಟರ್ ಆಳಕ್ಕೆ ಬೀಳುವ ನೀರು ಕಡಿದಾದ ಬಂಡೆಗೋಡೆಗಳ ನಡುವೆ ನುಗ್ಗಿ, ಕಾಡು ತುಂಬಿದ ಇಳಿಜಾರುಗಳನ್ನು ಸೀಳಿಕೊಂಡು ಗೇರುಸೊಪ್ಪೆಗೆ ಬರುವ ಹೊತ್ತಿಗೆ ಕಡಲಮಟ್ಟದ ಸಮೀಪಕ್ಕೆ ಇಳಿದಿರುತ್ತದೆ. ಹೊನ್ನಾವರದಿಂದ ಹೊರಟ ದೋಣಿ ಉಬ್ಬರದ ನೀರಿನ ಸಹಾಯದಿಂದ ಗೇರುಸೊಪ್ಪೆಯವರೆಗೆ ಬರಬಹುದಿತ್ತು, ಅಲ್ಲಿಂದ ಮುಂದೆ ಬರುವಂತಿರಲಿಲ್ಲ. ದೋಣಿ ನಿಲ್ಲುವ ಆ ಜಾಗವೇ ಈ ಕೊಳ್ಳದ ಐದಾರು ನೂರು ವರ್ಷಗಳ ಚರಿತ್ರೆಯನ್ನು ನಿರ್ಧರಿಸಿತು.

ದೋಣಿ ನಿಂತಲ್ಲಿ ಸರಕು ಇಳಿಯಬೇಕು. ಇಳಿದ ಸರಕನ್ನು ತೂಗಬೇಕು, ಕೂಡಿಡಬೇಕು, ಎತ್ತಿನ ಬೆನ್ನಿಗೋ ಆಳಿನ ತಲೆಗೋ ಏರಿಸಬೇಕು. ಘಟ್ಟದ ಮೇಲಿಂದ ಕಾಳುಮೆಣಸು, ಅಡಿಕೆ, ಏಲಕ್ಕಿ, ಅಕ್ಕಿ ಕೆಳಗಿಳಿದರೆ ಕರಾವಳಿಯ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೇರುತ್ತಿದ್ದವು. ಹೇರೆತ್ತುಗಳ ಸಾಲಿಗೆ ಮೇವು, ನೀರು ಬೇಕು. ಹೊರೆಯಾಳುಗಳಿಗೆ ಇಳಿದಾಣ ಬೇಕು. ಇವರೆಲ್ಲರಿಂದ ಸುಂಕ ವಸೂಲು ಮಾಡುವ ಅರಸನೂ ಅಲ್ಲೇ ಇರಬೇಕು. ಘಟ್ಟದ ಬುಡದಲ್ಲಿ, ಕಾಡು ಮುತ್ತಿದ ಒಂದು ಹೊಳೆದಂಡೆಯಲ್ಲಿ ರಾಜಧಾನಿ ಬೆಳೆದದ್ದು ಹೀಗೆ. ಒಳ್ಳೆಯ ಬಯಲಾಗಲಿ, ವಿಶಾಲವಾದ ಗದ್ದೆಗಳಾಗಲಿ ಇಲ್ಲದ ಊರು ಗೇರುಸೊಪ್ಪೆ; ಅದರ ಸಂಪತ್ತೆಲ್ಲ ದಾರಿಯಿಂದ ಬಂದದ್ದು.

ಆ ದಾರಿ ಕೊಳ್ಳದ ತಳದಲ್ಲಿ ಸಾಗುತ್ತಿರಲಿಲ್ಲ. ನದಿಯ ಪಾತ್ರದಲ್ಲಿ ಬಂಡೆಗಳನ್ನು ದಾಟಿ ಮೇಲೆ ಹೋಗುವುದು ಹೊರೆ ಹೊತ್ತವರಿಗೆ ಅಸಾಧ್ಯ. ಮಳೆಗಾಲದಲ್ಲಂತೂ ಅಲ್ಲಿ ಕಾಲಿಡಲೂ ಆಗುತ್ತಿರಲಿಲ್ಲ. ಹಳೆಯ ಹೇರಿನ ದಾರಿ ನದಿಯನ್ನು ಒಂದು ಬದಿಗೆ ಬಿಟ್ಟು, ಎಡದಂಡೆಯ ಕಡೆಯ ಏಣುಗಳನ್ನು ಹಿಡಿದು, ಕಾಡಿನ ನಡುವೆ ಗೋವರ್ಧನಗಿರಿಯ ಕೋಟೆಗೆ ಏರುತ್ತಿತ್ತು. ಅಲ್ಲಿಂದ ತುಮರಿ, ಸಾಗರದ ಸೀಮೆಗಳನ್ನು ದಾಟಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಯನ್ನು ತಲುಪುತ್ತಿತ್ತು. ಗೇರುಸೊಪ್ಪೆಯಿಂದ ಕೋಟೆಯವರೆಗಿನ ಏರು ಒಂದು ಹಗಲಿನ ದಾರಿ. ದೂರ ಹೆಚ್ಚಿರದಿದ್ದರೂ ಕಡಲಮಟ್ಟದಿಂದ ಘಟ್ಟದ ನೆತ್ತಿಯವರೆಗಿನ ಏರಿಕೆ ಅದರಲ್ಲೇ ಮುಗಿಯಬೇಕಿತ್ತು.

ಶಾಸನಗಳಲ್ಲಿ ಗೇರುಸೊಪ್ಪೆಗೆ ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳಿವೆ. ನಗಿರೆಯ ಸಾಳುವ ಅರಸರು ಜೈನರು, ವಿಜಯನಗರದ ಸಾಮಂತರು. ಹಾಡುವಳ್ಳಿಯಲ್ಲಿ ಆಳುತ್ತಿದ್ದವರೂ ಇವರ ಬಳಗಕ್ಕೆ ಸೇರಿದವರೇ. ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಇಳಿಯುತ್ತಿದ್ದ ಅರಬ್ಬಿ ಕುದುರೆಗಳು ಇಂಥ ಘಟ್ಟದ ದಾರಿಗಳನ್ನು ಹಿಡಿದೇ ವಿಜಯನಗರದ ಲಾಯಗಳಿಗೆ ಹೋಗುತ್ತಿದ್ದವು. ಈ ಅರಸರ ಕಾಲದ ಗುರುತುಗಳು ಇಂದಿನ ನಗರಬಸ್ತಿಕೇರಿಯ ಕಾಡಿನಲ್ಲಿ ಉಳಿದಿವೆ. 16ನೇ ಶತಮಾನದ ಚತುರ್ಮುಖ ಬಸದಿ ಇವುಗಳಲ್ಲಿ ಮುಖ್ಯವಾದದ್ದು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಈ ಕಲ್ಲಿನ ಕಟ್ಟಡದ ಗರ್ಭಗುಡಿಯಲ್ಲಿ ನಾಲ್ವರು ಜಿನರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದಾರೆ. ಯಾವ ಬಾಗಿಲಿನಿಂದ ಒಳಹೋದರೂ ಎದುರಿಗೆ ಒಂದು ಮುಖ ಕಾಣಿಸುತ್ತದೆ. ಮಲೆನಾಡಿನ ಮಳೆಗೆ ನಾಲ್ಕು ಶತಮಾನ ಮೈಯೊಡ್ಡಿದ್ದರೂ ಅದರ ಗೋಡೆಗಳು ಗಟ್ಟಿಯಾಗಿ ನಿಂತಿವೆ. ಸುತ್ತಮುತ್ತ ಪಾರ್ಶ್ವನಾಥ, ವರ್ಧಮಾನ, ನೇಮಿನಾಥ ಬಸದಿಗಳೂ ಜ್ವಾಲಾಮಾಲಿನಿಯ ಗುಡಿಯೂ ಇವೆ. ಜ್ವಾಲಾಮಾಲಿನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆಗಳೂ ಎಂಬತ್ತನಾಲ್ಕು ಬಸದಿಗಳೂ ಇದ್ದವೆಂದು ಊರಿನ ಹಳಬರ ಮಾತು. ಲಕ್ಷ ಎಂಬುದನ್ನು ಅಕ್ಷರಶಃ ನಂಬಲಾಗದು. ಆದರೂ ಕಾಡಿನಲ್ಲಿ ದೂರದವರೆಗೆ ಕಾಣುವ ಅಡಿಪಾಯಗಳು, ಬಾವಿಗಳು, ಬಿದ್ದ ಕಂಬಗಳು ಊರು ಸಣ್ಣದಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿವೆ.

ಊರಿನ ಹಣ ಯಾರ ಕೈಯಲ್ಲಿತ್ತು ಎಂಬುದನ್ನು 1560ರ ಸುಮಾರಿನ ಒಂದು ಶಾಸನ ಹೇಳುತ್ತದೆ. ಅಂಬವಣ ಸೆಟ್ಟಿ ಎಂಬ ವರ್ತಕ ಇಲ್ಲಿಯ ನೇಮಿನಾಥ ಬಸದಿಯ ಮುಂದೆ ಕಂಚಿನ ಮಾನಸ್ತಂಭ ನಿಲ್ಲಿಸಿದ ವಿಚಾರ ಅದರಲ್ಲಿದೆ. ಅರಸರಿಗೆ ಸಮನಾಗಿ ವರ್ತಕನೂ ಲೋಹದ ಕಂಬ ನಿಲ್ಲಿಸುವಷ್ಟು ಸಿರಿವಂತನಾಗಿದ್ದ. ಆ ಕಂಬ ಈಗ ಇಲ್ಲ. ಅದರ ವಿಷಯ ಹೇಳುವ ಕಲ್ಲು ಸಿಕ್ಕಿದ್ದು ಗೇರುಸೊಪ್ಪೆಯಲ್ಲಿ ಅಲ್ಲ, ಘಟ್ಟದ ಮೇಲಿನ ಗೋವರ್ಧನಗಿರಿಯಲ್ಲಿ. ದಾರಿಯ ಎರಡು ತುದಿಗಳು ಒಂದೇ ಆಡಳಿತದ, ಒಂದೇ ವ್ಯಾಪಾರದ ಕಟ್ಟಿನಲ್ಲಿದ್ದವು ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ವ್ಯಾಪಾರದ ಜೀವಾಳ ಕಾಳುಮೆಣಸು. ನೆರಳು, ತೇವ, ಹತ್ತಲು ಒಂದು ಮರ, ಬುಡದಲ್ಲಿ ನೀರು ನಿಲ್ಲದ ಇಳಿಜಾರು, ಇಷ್ಟಿದ್ದರೆ ಮೆಣಸಿನ ಬಳ್ಳಿಗೆ ಸಾಕು. ಶರಾವತಿ ಕೊಳ್ಳದಲ್ಲಿ ಇವೆಲ್ಲ ಬೇಕಾದಷ್ಟಿವೆ. ಕಾಡಿನಲ್ಲಿ ತಾನಾಗಿ ಬೆಳೆಯುವ ಬಳ್ಳಿಯನ್ನು ರೈತರು ತೋಟಕ್ಕೆ ತಂದು ಅಡಿಕೆ ಮರಕ್ಕೆ ಹಬ್ಬಿಸಿದರು. ಮಳೆ ಹಿಡಿದ ಮೇಲೆ ಕರೆ ಬಿಟ್ಟು, ಕಾಯಿ ಕಟ್ಟಿ, ಚಳಿಗಾಲ ಮುಗಿಯುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಏಣಿ ಹಾಕಿ ಕರೆ ಕೊಯ್ದು, ತುಳಿದು ಕಾಳು ಬಿಡಿಸಿ, ಅಂಗಳದಲ್ಲಿ ಹರಡಿ ಒಣಗಿಸಿದರೆ ಹಸಿರು ಕಾಳು ಸುಕ್ಕುಗಟ್ಟಿ ಕಪ್ಪಾಗುತ್ತದೆ. ಹಣ್ಣಾದ ಕಾಳನ್ನು ನೆನೆಸಿ ಸಿಪ್ಪೆ ತೆಗೆದರೆ ಬೋಳುಕಾಳು. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಜಾಗವನ್ನೂ ಹೆಚ್ಚು ಹಿಡಿಯುವುದಿಲ್ಲ, ತೂಕಕ್ಕೆ ಬೆಲೆ ಹೆಚ್ಚು. ಗಾಡಿ ಹೋಗದ ದಾರಿಯಲ್ಲಿ ಎತ್ತಿನ ಬೆನ್ನ ಮೇಲೆ ಸಾಗಿಸಲು ಇದಕ್ಕಿಂತ ಲಾಭದ ಸರಕು ಬೇರೊಂದಿರಲಿಲ್ಲ. ಕೊಯ್ಲು ಮುಗಿಯುವ ಕಾಲಕ್ಕೆ ಮಳೆ ನಿಂತು ದಾರಿ ಒಣಗಿರುತ್ತಿದ್ದುದರಿಂದ ಬೆಳೆ, ದಾರಿ, ಹಡಗು ಮೂರೂ ಒಂದೇ ಋತುವಿನಲ್ಲಿ ಕೂಡಿಬರುತ್ತಿದ್ದವು.

ಪೋರ್ಚುಗೀಸರು ಈ ಕರಾವಳಿಗೆ ಬಂದದ್ದೇ ಆ ಸರಕಿಗಾಗಿ. 1569ರಲ್ಲಿ ಅವರು ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿದರು. ಹೊಳೆಯ ಬಾಯಿ ಅವರ ಕೈ ಸೇರಿತು, ಹೊಳೆಯ ಒಡಲು ಗೇರುಸೊಪ್ಪೆಯ ರಾಣಿಯ ಕೈಯಲ್ಲೇ ಉಳಿಯಿತು. ಆಕೆ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಸುಮಾರು 54 ವರ್ಷ ಆಳಿದಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಪೋರ್ಚುಗೀಸರು ಆಕೆಯನ್ನು ಕರೆದದ್ದು ಮೆಣಸಿನ ರಾಣಿ ಎಂದು. ಕಡಲಲ್ಲಿ ಫಿರಂಗಿ ಹಡಗುಗಳು, ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ಬಲ, 1565ರ ಸೋಲಿನ ನಂತರ ಬೆನ್ನಿಗೆ ನಿಲ್ಲಲು ವಿಜಯನಗರವೂ ಇಲ್ಲ. ಇಂಥ ಇಕ್ಕಟ್ಟಿನಲ್ಲಿ ಅಷ್ಟು ಕಾಲ ರಾಜ್ಯ ಉಳಿಸಿಕೊಂಡ ಆಕೆ ಕರ್ನಾಟಕದ ಚರಿತ್ರೆಯಲ್ಲಿ ಈಗ ಸಿಗುತ್ತಿರುವುದಕ್ಕಿಂತ ದೊಡ್ಡ ಸ್ಥಾನಕ್ಕೆ ಅರ್ಹಳು. ಕಾಡು, ಕಡಿದಾದ ಏರು, ಕಿರಿದಾದ ದಾರಿ ಆಕೆಯ ಸೈನ್ಯದಷ್ಟೇ ಕೆಲಸ ಮಾಡಿರಬೇಕು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಮೇಲಿನಿಂದಲೇ ಇಳಿದುಬಂದು ಗೇರುಸೊಪ್ಪೆಯನ್ನು ಗೆದ್ದ. ರಾಣಿ ಸೆರೆಯಲ್ಲೇ ತೀರಿಕೊಂಡಳೆಂದು ಸೀಮೆಯ ನೆನಪು.

ಆ ಸೋಲಿನ ಮೇಲೆ ಎರಡು ದಶಕ ಕಳೆಯುವ ಮೊದಲೇ ಈ ದಾರಿಯಲ್ಲಿ ಬಂದ ಒಬ್ಬ ಪ್ರವಾಸಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ರೋಮಿನ ಶ್ರೀಮಂತ ಮನೆತನದವನು. ತುರ್ಕಿ, ಪರ್ಷಿಯಾಗಳನ್ನು ಸುತ್ತಿ ಗೋವೆಗೆ ಬಂದಿದ್ದ. 1623ರಲ್ಲಿ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಅವನೂ ಜೊತೆಗೆ ಹೊರಟ. ನೋಡುವ ಹಂಬಲ ಬಿಟ್ಟರೆ ಅವನಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ನೇಪಲ್ಸಿನ ತನ್ನ ಗೆಳೆಯ ಮಾರಿಯೋ ಸ್ಕಿಪಾನೊಗೆ ಅವನು ಬರೆದ ಪತ್ರಗಳಲ್ಲಿ ಈ ಪ್ರಯಾಣದ ವಿವರ ಸಿಗುತ್ತದೆ. ಅವುಗಳ ಇಂಗ್ಲಿಷ್ ಅನುವಾದ 1664ರಲ್ಲೇ ಹೊರಬಂತು.

ತಂಡ ಹೊನ್ನಾವರದಿಂದ ದೋಣಿಯಲ್ಲಿ ಹೊಳೆಯ ಮೇಲೆ ಬಂತು. ಎರಡೂ ದಂಡೆಯ ಹಸಿರು ಅವನ ಮನಸ್ಸು ತುಂಬಿತು. ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಪಾಳು. ಒಂದು ಕಾಲದ ಪ್ರಸಿದ್ಧ ರಾಜಧಾನಿಯಲ್ಲಿ ಅರಮನೆ ಬಿದ್ದಿತ್ತು, ಮರಗಳು ಎದ್ದಿದ್ದವು, ಉಳಿದದ್ದು ಕೆಲವು ಒಕ್ಕಲುಗಳ ಗುಡಿಸಲು. ಇಷ್ಟು ಬೇಗ ಕಾಡು ಊರನ್ನು ನುಂಗಿದ್ದು ಇಲ್ಲಿಯ ಮಳೆಯನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ರಾಣಿ ಪರದೇಶದ ಒಬ್ಬ ಸಾಮಾನ್ಯನಿಗೆ ಮನಸೋತು ಅಧಿಕಾರ ಕೊಟ್ಟಳು, ಅವನು ತಿರುಗಿಬಿದ್ದ, ಅದರಿಂದ ರಾಜ್ಯ ಹಾಳಾಯಿತು ಎಂಬ ಕಥೆಯನ್ನೂ ಅವನು ಬರೆದಿದ್ದಾನೆ. ಇದನ್ನು ಎಚ್ಚರದಿಂದಲೇ ಓದಬೇಕು. ಅವನ ಜೊತೆಗಿದ್ದವರು ಗೆದ್ದ ಅರಸನ ಕಡೆಯವರು, ಇಲ್ಲವೇ ರಾಣಿಯೊಡನೆ ಹೊಡೆದಾಡಿದ ಪೋರ್ಚುಗೀಸರು. ಸೋತ ಹೆಣ್ಣಿನ ನಡತೆಯ ಮೇಲೆ ತಪ್ಪು ಹೊರಿಸುವುದು ಇಬ್ಬರಿಗೂ ಅನುಕೂಲವಾಗಿತ್ತು. ಮೆಣಸಿನ ದಾರಿಯ ಮೇಲೆ ಕೆಳದಿಗೆ ಕಣ್ಣಿತ್ತು ಎಂಬ ನೇರ ಕಾರಣವೇ ಹೆಚ್ಚು ನಂಬತಕ್ಕದ್ದು.

ಗೇರುಸೊಪ್ಪೆ ಬಿಟ್ಟ ಮೇಲೆ ಏರು. ದೆಲ್ಲಾ ವಲ್ಲೆಗೆ ಈ ಘಟ್ಟ ತನ್ನ ನಾಡಿನ ಅಪೆನೈನ್ ಪರ್ವತಗಳನ್ನು ನೆನಪಿಗೆ ತಂದಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಹಳ್ಳಗಳು ತುಂಬಿ ಹರಿಯುವ, ಸೊಪ್ಪು ದಟ್ಟವಾಗಿರುವ ಕಾಲ. ಇಂದಿಗೂ ಉಳಿದಿರುವ ಕಾಡನ್ನು ನೋಡಿದರೆ ಆ ದಾರಿ ಹೇಗಿತ್ತೆಂದು ಅಂದಾಜು ಮಾಡಬಹುದು. ಬುಡದಲ್ಲಿ ಮರಗಳ ನಡುವೆ ಬಿಸಿಲು ಬೀಳುವ ಮಿಶ್ರ ಕಾಡು, ಮೇಲಕ್ಕೆ ಹೋದಂತೆ ನಿತ್ಯಹರಿದ್ವರ್ಣ. ಧೂಪದಂಥ ಎತ್ತರದ ಮರಗಳು ನೆತ್ತಿಯ ಮೇಲೆ ಮುಚ್ಚಿಕೊಂಡು ಹಗಲಲ್ಲೂ ಕತ್ತಲಾಗಿಸುತ್ತವೆ. ತಳದಲ್ಲಿ ಬೆತ್ತದ ಪೊದೆ, ಕೊಳೆತ ಎಲೆಯ ಮೆತ್ತೆ, ಅದರಲ್ಲಿ ಉಂಬಳ. ಕಣಿವೆಯ ಇನ್ನೊಂದು ಮಗ್ಗುಲಲ್ಲಿ, ಮಲೆಮನೆಯ ಹತ್ತಿರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಆ ಕೆಸರುನೆಲದಲ್ಲಿ ಮರಗಳು ಬೇರುಗಳನ್ನು ಮಂಡಿಯ ಹಾಗೆ ನೆಲದ ಮೇಲಕ್ಕೆ ಎತ್ತಿ ಉಸಿರಾಡುತ್ತವೆ. ಬಹಳ ಹಳೆಯ ಕಾಲದ ಕಾಡಿನ ತುಣುಕುಗಳೆಂದು ಸಸ್ಯಶಾಸ್ತ್ರಜ್ಞರು ಅವನ್ನು ಗುರುತಿಸುತ್ತಾರೆ. ಹೊರೆಯಾಳುಗಳ ದಾರಿ ಇಂಥ ಒದ್ದೆ ತಗ್ಗುಗಳನ್ನು ತಪ್ಪಿಸಿ ಏಣಿನ ಮೇಲೆ ಸಾಗುತ್ತಿದ್ದುದಕ್ಕೆ ಕಾರಣ ನೆಲವನ್ನು ನೋಡಿದರೆ ತಿಳಿಯುತ್ತದೆ.

ಏರು ಮುಗಿದಲ್ಲಿ ಕೋಟೆ. ದೆಲ್ಲಾ ವಲ್ಲೆ ತನ್ನ ಕಿವಿಗೆ ಕೇಳಿಸಿದಂತೆ ಅದನ್ನು 'ಗೋವರದ ನಗರ' ಎಂದು ಬರೆದುಕೊಂಡ. ಕೋಟೆಯ ಹತ್ತಿರದ ಹನುಮಂತನ ಗುಡಿಯಲ್ಲಿ ತಂಡ ತಂಗಿತು. ಸಾಮಾನು ಹೊತ್ತವರು ಹಿಂದುಳಿದಿದ್ದರು. ಅವರಿಗಾಗಿ ಕಾಯುತ್ತ ಗುಡಿಯ ಜಗುಲಿಯಲ್ಲಿ ಕುಳಿತಿದ್ದಾಗ ಅವನು ಕಂಡ ದೃಶ್ಯ ಈ ಪತ್ರಗಳಲ್ಲೇ ಹೆಚ್ಚು ಬೆಲೆಯುಳ್ಳದ್ದು. ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನಯವಾದ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ಸಾಲನ್ನು ರಾಗವಾಗಿ ಹೇಳುತ್ತ, ಹೇಳಿದ ಅಂಕಿಯನ್ನು ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ. ಉಳಿದವರು ಅದೇ ರಾಗದಲ್ಲಿ ಅದನ್ನೇ ಹೇಳಿ ಬರೆಯುತ್ತಿದ್ದರು. ನೆಲ ಅಂಕಿಗಳಿಂದ ತುಂಬಿದಾಗ ಅಳಿಸಿ, ಬೇಕಾದರೆ ಹೊಸ ಮರಳು ಹರಡಿ ಮುಂದುವರಿಸುತ್ತಿದ್ದರು. ಕಾಗದ, ಲೇಖನಿ ಯಾವುದೂ ಬೇಕಿರಲಿಲ್ಲ. ಮರೆತರೆ ಏನು ಮಾಡುತ್ತೀರಿ, ಗುರು ಇಲ್ಲದಾಗ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರಿಗೂ ಒಂದೇ ಸಾಲು ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ಹೇಳುತ್ತಾನೆ ಎಂಬ ಅರ್ಥದ ಉತ್ತರ ಬಂತು. ಅವನಿಗೆ ಅದು ಬಹಳ ಮೆಚ್ಚಿಗೆಯಾಯಿತು.

ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದ ಊರಶಾಲೆಗಳಲ್ಲಿ 20ನೇ ಶತಮಾನದವರೆಗೂ ಮಕ್ಕಳು ಮಣ್ಣಿನ ಮೇಲೆ ಅಕ್ಷರ ತಿದ್ದುತ್ತ, ರಾಗವಾಗಿ ಮಗ್ಗಿ ಹೇಳುತ್ತ ಕಲಿಯುತ್ತಿದ್ದರು. ಆ ಕ್ರಮ ನಾಲ್ಕು ಶತಮಾನದ ಹಿಂದೆ ಘಟ್ಟದ ನೆತ್ತಿಯ ಒಂದು ಗುಡಿಯಲ್ಲಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡವನ ಬರಹ ಇದು. ಜಾಗವನ್ನೂ ಗಮನಿಸಬೇಕು. ರಾಜಧಾನಿಯೂ ಅಲ್ಲದ, ಅಗ್ರಹಾರವೂ ಅಲ್ಲದ ಒಂದು ಕಾವಲು ಠಾಣೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದರು. ಮೆಣಸಿನ ಹೇರು, ಸುಂಕ, ತೂಕಗಳ ನಡುವೆ ಬದುಕುವ ಊರಿಗೆ ಲೆಕ್ಕ ಬಲ್ಲವರು ಬೇಕೇ ಬೇಕಲ್ಲ.

ಈ ಪ್ರಯಾಣದಲ್ಲಿ ಜೋಗದ ಹೆಸರೇ ಬರುವುದಿಲ್ಲ. ದಾರಿ ಜಲಪಾತದಿಂದ ದೂರ ಹಾದುಹೋಗುತ್ತಿದ್ದುದೇ ಕಾರಣ. ಹೊರೆ ಹೊತ್ತು ನಡೆಯುವವರಿಗೆ ಜಲಪಾತ ನೋಡುವ ಸ್ಥಳವಾಗಿರಲಿಲ್ಲ, ಬಳಸಿ ಹೋಗಬೇಕಾದ ಅಡ್ಡಿಯಾಗಿತ್ತು. ಗೋವರ್ಧನಗಿರಿಯಿಂದ ಮುಂದೆ ದಾರಿ ಸಲೀಸು. ತುಮರಿಯ ಸೀಮೆಯನ್ನು ಹಾದು, ಮೇಲಿನ ಬಯಲಿನಲ್ಲಿ ಶಾಂತವಾಗಿ ಹರಿಯುವ ಶರಾವತಿಯನ್ನು ದೋಣಿಯಲ್ಲಿ ದಾಟಿ, ಸಾಗರದ ಮೇಲೆ ಇಕ್ಕೇರಿಗೆ ಹೋಗುತ್ತಿತ್ತು.

ಕೆಳದಿಯ ಆಳ್ವಿಕೆ 1763ರಲ್ಲಿ ಹೈದರಾಲಿಯ ಕೈಯಲ್ಲಿ ಮುಗಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಕಂಪನಿ ಸರ್ಕಾರಕ್ಕೆ, ಘಟ್ಟದ ಮೇಲಿನ ಸೀಮೆ ಮೈಸೂರಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು. ಜೋಗದ ಬಳಿ ನದಿಯೇ ಗಡಿ. ಜಲಪಾತದ ಒಂದು ಬದಿಗೆ ಮುಂಬಯಿಯವರ ಬಂಗಲೆ, ಇನ್ನೊಂದು ಬದಿಗೆ ಮೈಸೂರಿನವರ ಬಂಗಲೆ ಎದ್ದವು. 1856ರಲ್ಲಿ ನೌಕಾಪಡೆಯ ಅಧಿಕಾರಿಗಳು ಜಲಪಾತದ ಎತ್ತರ ಅಳೆದು ಸುಮಾರು 830 ಅಡಿ ಎಂದು ದಾಖಲಿಸಿದರು. 19ನೇ ಶತಮಾನದಲ್ಲಿ ಗಾಡಿಯ ರಸ್ತೆಯೊಂದು ಮಲೆಮನೆ ಘಟ್ಟದ ಮೂಲಕ ಆಯಿತು. ಇಂದು ಹೊನ್ನಾವರದಿಂದ ಸಾಗರಕ್ಕೆ ಹೋಗುವ ಹೆದ್ದಾರಿ ಅದೇ ಜಾಡಿನಲ್ಲಿದೆ. ಗಾಡಿ ಓಡಾಡತೊಡಗಿದ ಮೇಲೆ ಹೇರೆತ್ತಿಗೆ ಕೆಲಸವಿಲ್ಲ. ಗೋವರ್ಧನಗಿರಿಯ ದಾರಿಗೆ ಹುಲ್ಲು ಬೆಳೆಯಿತು.

ಅದೇ ಇಳಿಜಾರು 20ನೇ ಶತಮಾನದಲ್ಲಿ ಬೇರೊಂದು ಕಾರಣಕ್ಕೆ ಬೆಲೆ ಪಡೆಯಿತು. ಸರಕನ್ನು ತಡೆದಿದ್ದ ಎತ್ತರವೇ ವಿದ್ಯುತ್ತಿಗೆ ಬೇಕಾಗಿತ್ತು. ಮೈಸೂರು ಸರ್ಕಾರ 1918ರ ಹೊತ್ತಿಗೆ ಸರ್ವೇಕ್ಷಣೆ ಆರಂಭಿಸಿತು. 1939ರಲ್ಲಿ ಯೋಜನೆ ಕೈಗೆತ್ತಿಕೊಂಡು, ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ, 1948ರಲ್ಲಿ ವಿದ್ಯುತ್ ಹರಿಸಿತು. ಜೋಗದ ಕೆಳಗಿನ ಕೊಳ್ಳದ ತಳದಲ್ಲಿರುವ, ಮೂಲತಃ 120 ಮೆಗಾವಾಟ್ ಸಾಮರ್ಥ್ಯದ್ದಾಗಿದ್ದ ಆ ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಕೆಲಸಗಾರರು ಅಲ್ಲಿಗೆ ಇಳಿಯುವುದು ಹಳಿಯ ಮೇಲೆ ಹಗ್ಗದಿಂದ ಎಳೆಯುವ ಟ್ರಾಲಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರು ತಳಕಳಲೆಯ ಸಮತೋಲನ ಜಲಾಶಯದ ಮೂಲಕ ಇಳಿಯುವ ಶರಾವತಿ ವಿದ್ಯುದಾಗಾರವನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಉದ್ಘಾಟಿಸಿದರು. ಹತ್ತು ಘಟಕಗಳಿಂದ 1,035 ಮೆಗಾವಾಟ್. ಕರ್ನಾಟಕದ ಎಷ್ಟೋ ಊರುಗಳ ಮೊದಲ ಬಲ್ಬು ಉರಿದದ್ದು ಈ ಕೊಳ್ಳದ ನೀರಿನಿಂದ.

ಬೆಲೆ ತೆತ್ತವರು ಮೇಲಿನ ಬಯಲಿನವರು. ಹಿರೇಭಾಸ್ಕರ ಕಟ್ಟಿದಾಗ ಎದ್ದುಹೋದವರಲ್ಲಿ ಕೆಲವರು ಲಿಂಗನಮಕ್ಕಿ ತುಂಬಿದಾಗ ಮತ್ತೆ ಏಳಬೇಕಾಯಿತು. ಸಾವಿರಾರು ಕುಟುಂಬಗಳ ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿ ಸೇರಿದವು. ಅವರಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಕಡೆ ಜಾಗ ತೋರಿಸಿದರೂ ಎಷ್ಟೋ ಮಂದಿಗೆ ಹಕ್ಕುಪತ್ರ ದಶಕಗಟ್ಟಲೆ ಸಿಗಲಿಲ್ಲ. ಆ ಹೋರಾಟ ಇನ್ನೂ ಮುಗಿದಿಲ್ಲ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೇನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ತುಮರಿಯಿಂದ ಸಾಗರಕ್ಕೆ ಹೋಗುತ್ತಿದ್ದ ಹಳೆಯ ದಾರಿ ಆ ನೀರಿನಲ್ಲೇ ಮುಳುಗಿತು. ಕೊಳ್ಳದ ಕೆಳತುದಿಯಲ್ಲಿ 2001ರ ಹೊತ್ತಿಗೆ 240 ಮೆಗಾವಾಟಿನ ಗೇರುಸೊಪ್ಪೆ ಅಣೆಕಟ್ಟು ಸಿದ್ಧವಾಗಿ, ಬಂಡೆಗಳ ನಡುವೆ ನುಗ್ಗುತ್ತಿದ್ದ ಹೊಳೆಯ ಕೊನೆಯ ಭಾಗವೂ ನಿಂತ ನೀರಾಯಿತು.

ಇಳಿಜಾರಿನ ಕಾಡು ಮಾತ್ರ ಬಹುಮಟ್ಟಿಗೆ ಉಳಿದಿದೆ. 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಮಾಡಲಾಯಿತು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ ಇರುವ ಈ ಕೋತಿ ಮರದಿಂದ ಮರಕ್ಕೆ ದಾಟುತ್ತಲೇ ಬದುಕುತ್ತದೆ. ಮೇಲ್ಚಾವಣಿ ಕಡಿದುಹೋದರೆ ಗುಂಪು ಒಂಟಿಯಾಗುತ್ತದೆ. ತಳಕಳಲೆಯ ನೀರನ್ನು ಗೇರುಸೊಪ್ಪೆಗೆ ಇಳಿಸಿ ವಿದ್ಯುತ್ ತೆಗೆದು, ಮತ್ತೆ ಮೇಲಕ್ಕೆತ್ತುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಪರಿಸರವಾದಿಗಳೂ ಸ್ಥಳೀಯರೂ ವಿರೋಧ ವ್ಯಕ್ತಪಡಿಸಿರುವುದು ಇದೇ ಕಾರಣಕ್ಕೆ. ಒಮ್ಮೆ ತುಂಡಾದ ಇಂಥ ಕಾಡು ಮತ್ತೆ ಕೂಡಿಕೊಳ್ಳಲು ಮನುಷ್ಯರ ಹಲವು ತಲೆಮಾರು ಬೇಕು. ಆ ಆತಂಕವನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಳ್ಳಬೇಕು.

ನೀರಿನಾಚೆ ಉಳಿದ ತುಮರಿಯ ಜನ ಆರು ದಶಕ ಸಾಗರಕ್ಕೆ ಹೋಗಿಬರುತ್ತಿದ್ದುದು ಲಾಂಚಿನಲ್ಲಿ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬೆಳಗಿನವರೆಗೆ ಕಾಯಬೇಕು, ಇಲ್ಲವೇ ಬಹುದೂರ ಸುತ್ತಿ ಬರಬೇಕು. ಆಸ್ಪತ್ರೆಗೆ ಹೊರಟವರಿಗೂ ಅದೇ ಗತಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಹಿನ್ನೀರಿನ ಮೇಲೆ ಎರಡೂಕಾಲು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದ ಮೇಲೆ ಸಾಗರ–ತುಮರಿ ದಾರಿ ಮತ್ತೆ ನೆಲದ ದಾರಿಯಾಗಿದೆ.